ಕೈಗೆ ಬಿಗಿಯಾದದ್ದೆಲ್ಲ ಪವರ್ ಸ್ಟಿಯರಿಂಗ್ ದೋಷವಲ್ಲ

ಕಾರಿನ ಸ್ಟಿಯರಿಂಗ್ ತುಸು ಬಿಗಿಯಾಗಲಿ, ನಡುಗಲಿ, ಒಂದು ಪಕ್ಕಕ್ಕೆ ಎಳೆಯಲಿ, ನಮ್ಮಲ್ಲಿ ಬರುವ ತೀರ್ಪು ಒಂದೇ: "ಪವರ್ ಸ್ಟಿಯರಿಂಗ್ ಹೋಯ್ತು." ಪಕ್ಕದಲ್ಲಿ ಕೂತವರು ಹೇಳುತ್ತಾರೆ, ಮಾಲೀಕರು ನಂಬುತ್ತಾರೆ, ಕೆಲವು ಗ್ಯಾರೇಜಿನವರು ತಲೆಯಾಡಿಸಿ ಸಾವಿರಾರು ರೂಪಾಯಿಯ ಬಿಲ್ಲು ಬರೆಯುತ್ತಾರೆ. ಆದರೆ ಕೈಗೆ ತಿಳಿಯುವ ತೊಂದರೆಯ ಮೂಲ ಟೈರಿನಿಂದ ಹಿಡಿದು ಬ್ಯಾಟರಿಯವರೆಗೆ ಎಲ್ಲಿ ಬೇಕಾದರೂ ಇರಬಹುದು. ಪಂಪು, ರ‍್ಯಾಕ್, ಮೋಟಾರುಗಳನ್ನು ಅನುಮಾನಿಸುವುದು ಉಳಿದದ್ದನ್ನೆಲ್ಲ ನೋಡಿದ ಮೇಲೆ.

"ಪವರ್ ಸ್ಟಿಯರಿಂಗ್ ಆಯಿಲ್ ಹಾಕಿಸಿದರೆ ಸರಿಹೋಗುತ್ತೆ"

ನಿಮ್ಮ ಕಾರಿಗೆ ಆ ಆಯಿಲ್ ಇದೆಯೇ ಎಂಬುದು ಮೊದಲ ಪ್ರಶ್ನೆ. ಸ್ವಿಫ್ಟ್, ವ್ಯಾಗನಾರ್, ಐ20ಯಂಥ ಕಾರುಗಳಲ್ಲಿ ಅದು ಇಲ್ಲವೇ ಇಲ್ಲ, ಅವುಗಳದ್ದು ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್. ನೀವು ಎಷ್ಟು ಬಲ ಹಾಕಿ ತಿರುಗಿಸುತ್ತಿದ್ದೀರಿ ಎಂದು ಅಳೆಯುವ ಸೆನ್ಸರ್, ಅದನ್ನು ಓದಿ ಕರೆಂಟು ಬಿಡುವ ಪುಟ್ಟ ಕಂಪ್ಯೂಟರ್, ತಿರುಗಿಸಲು ನೆರವಾಗುವ ಒಂದು ಮೋಟಾರು, ಇಷ್ಟೇ ಅದರ ಸಂಸಾರ. ಸುಜುಕಿ ಕಂಪನಿ 1988ರಲ್ಲೇ ಜಪಾನಿನಲ್ಲಿ ಸರ್ವೊ ಎಂಬ ಸಣ್ಣ ಕಾರಿಗೆ ಇದನ್ನು ಅಳವಡಿಸಿತ್ತು. ಕ್ವಾಲಿಸ್, ಟವೇರಾ, ಮೊದಲ ತಲೆಮಾರಿನ ಇನ್ನೋವಾಗಳದ್ದು ಹೈಡ್ರಾಲಿಕ್ ಪದ್ಧತಿ. ಅಲ್ಲಿ ಎಂಜಿನ್ನಿನ ಬೆಲ್ಟು ಪಂಪನ್ನು ತಿರುಗಿಸುತ್ತದೆ, ಪಂಪು ಆಯಿಲ್ಲನ್ನು ಒತ್ತಡದಿಂದ, ಚಕ್ರಗಳನ್ನು ತಿರುಗಿಸುವ ರ‍್ಯಾಕ್‌ಗೆ ನೂಕುತ್ತದೆ. ಬಾನೆಟ್ ಎತ್ತಿ ನೋಡಿ. ಮುಚ್ಚಳದ ಮೇಲೆ ಸ್ಟಿಯರಿಂಗ್ ಚಿತ್ರವಿರುವ ಪುಟ್ಟ ಡಬ್ಬಿ ಕಂಡರೆ ನಿಮ್ಮದು ಹೈಡ್ರಾಲಿಕ್. ಕಾಣದಿದ್ದರೆ ಬಹುತೇಕ ಎಲೆಕ್ಟ್ರಿಕ್. ಎಲೆಕ್ಟ್ರಿಕ್ ಕಾರಿಗೆ "ಸ್ಟಿಯರಿಂಗ್ ಆಯಿಲ್ ಚೇಂಜ್" ಎಂದು ಬಿಲ್ಲು ಬಂದರೆ ಅದನ್ನು ಎಲ್ಲಿಗೆ ಸುರಿದಿರಿ ಎಂದು ಕೇಳುವ ಹಕ್ಕು ನಿಮಗಿದೆ.

"ಸ್ಟಿಯರಿಂಗ್ ಬಿಗಿಯಾಯಿತೆಂದರೆ ಪಂಪು ಕೆಟ್ಟಿತು"

ಅತಿ ಹೆಚ್ಚು ಹಣ ಪೋಲಾಗುವುದು ಈ ನಂಬಿಕೆಯಿಂದ. ಪಂಪಿನ ಮಾತು ಎತ್ತುವ ಮೊದಲು ಪಂಕ್ಚರ್ ಅಂಗಡಿಗೆ ಹೋಗಿ ಮುಂದಿನ ಎರಡು ಟೈರುಗಳ ಗಾಳಿ ನೋಡಿಸಿ. ಎಷ್ಟಿರಬೇಕೆಂದು ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಿರುತ್ತದೆ; ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 30ರಿಂದ 33 ಪಿಎಸ್ಐ. ಅದು 20ರ ಆಸುಪಾಸಿಗೆ ಇಳಿದಿದ್ದರೆ, ಪವರ್ ಸ್ಟಿಯರಿಂಗ್ ಎಷ್ಟೇ ಚೆನ್ನಾಗಿದ್ದರೂ ಪಾರ್ಕಿಂಗ್ ಮಾಡುವಾಗ ತೋಳು ನೋಯುತ್ತದೆ.

ಗಾಳಿ ಸರಿಯಿದ್ದರೆ ಇನ್ನೊಂದು ಪರೀಕ್ಷೆ. ಮುಂದಿನ ಎರಡೂ ಚಕ್ರಗಳನ್ನು ಜಾಕ್‌ನಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಎಂಜಿನ್ ಆಫ್ ಇಟ್ಟು, ಲಾಕ್ ಬಿಡಿಸಿದ ಸ್ಟಿಯರಿಂಗನ್ನು ಮೆಲ್ಲಗೆ ಈ ತುದಿಯಿಂದ ಆ ತುದಿಗೆ ತಿರುಗಿಸಬೇಕು. ಇದನ್ನು ರಸ್ತೆ ಬದಿಯಲ್ಲಿ ಮಾಡದೆ ಗ್ಯಾರೇಜಿನಲ್ಲೇ ಮಾಡಿಸಿ. ನೆಲದ ಉಜ್ಜುವಿಕೆ ಇಲ್ಲದಿರುವುದರಿಂದ ಅದು ಒಂದೇ ಸಮನಾಗಿ ತಿರುಗಬೇಕು. ಆಗಲೂ ಹಟ ಮಾಡಿದರೆ ತೊಂದರೆ ಯಂತ್ರಭಾಗದಲ್ಲಿದೆ: ಗ್ರೀಸ್ ಒಣಗಿದ ಬಾಲ್ ಜಾಯಿಂಟ್, ಸವೆದ ಸ್ಟ್ರಟ್ ಬೇರಿಂಗ್, ಇಲ್ಲವೇ ಸ್ಟಿಯರಿಂಗ್ ಕಂಬದ ಕೆಳತುದಿಯ ಯೂನಿವರ್ಸಲ್ ಜಾಯಿಂಟ್. ಈ ಕೊನೆಯದನ್ನು ಗುರುತಿಸುವುದು ಸುಲಭ. ಒಂದು ಪೂರ್ತಿ ಸುತ್ತಿನಲ್ಲಿ ಎರಡು ಕಡೆ ಬಿಗಿ, ನಡುವೆ ಎರಡು ಕಡೆ ಸಡಿಲ ಎನಿಸುತ್ತದೆ. ಮಳೆನೀರು, ಕರಾವಳಿಯ ಉಪ್ಪುಗಾಳಿ ತಾಗಿ ತುಕ್ಕು ಹಿಡಿದ ಜಾಯಿಂಟು ಹೀಗಾಗುತ್ತದೆ. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ ಎಂಬ ದೂರಿಗೂ ಬಹಳ ಸಲ ಇವೇ ಕಾರಣ. ಪಂಪು ಬದಲಿಸಿದರೆ ಪಂಪು ಹೊಸದಾಗುತ್ತದೆ, ಬಿಗಿ ಹಾಗೆಯೇ ಉಳಿಯುತ್ತದೆ.

ಎತ್ತಿದಾಗ ಹಗುರ, ನೆಲದ ಮೇಲೆ ಭಾರ ಎಂದಾದರೆ ನೆರವಿನ ಕಡೆ ನೋಡಬಹುದು. ನಿಂತ ಕಾರಿನಲ್ಲಿ ಸ್ಟಿಯರಿಂಗನ್ನು ಒಂದು ಕಡೆಗೆ ತುಸು ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿ. ಸ್ಟಾರ್ಟ್ ಆದ ಕೂಡಲೇ ಅದು ಕೈಯಲ್ಲಿ ಹಗುರಾಗಿ ಸರಿಯಬೇಕು. ಸರಿದರೆ ನೆರವು ಬರುತ್ತಿದೆ ಎಂದರ್ಥ.

"ಕೊಂಯ್ ಎಂದರೆ ಪಂಪು ಮುಗಿಯಿತು"

ಹೈಡ್ರಾಲಿಕ್ ಕಾರಿನಲ್ಲಿ ಸದ್ದಿಗೂ ಬಗೆಗಳಿವೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗಲೋ ಪೂರ್ತಿ ತಿರುಗಿಸಿದಾಗಲೋ ಕಿವಿಗೆ ಚುಚ್ಚುವ ಕೀಚಲು ಕೇಳಿದರೆ ಅದು ಸಡಿಲವಾದ ಅಥವಾ ಹೊಳಪು ಹತ್ತಿದ ಬೆಲ್ಟು. ಜೋರು ಮಳೆಯಲ್ಲಿ ಅಂಡರ್‌ಪಾಸಿನ ನೀರಿಗೆ ಇಳಿದಾಗ ಸ್ಟಿಯರಿಂಗ್ ದಿಢೀರ್ ಭಾರವಾಗಿ ಸ್ವಲ್ಪ ಹೊತ್ತಿಗೆ ಸರಿಹೋದರೆ, ಒದ್ದೆಯಾದ ಬೆಲ್ಟು ಜಾರಿತೆಂದು ತಿಳಿಯಿರಿ. ಎಂಜಿನ್ ವೇಗದ ಜೊತೆ ಏರಿಳಿಯುವ ಕೊರಗುವ ಸದ್ದಾದರೆ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿ. ಆಯಿಲ್ ಮೇಲೆ ನೊರೆ ಇದ್ದರೆ ಒಳಗೆ ಗಾಳಿ ಸೇರಿದೆ: ಮಟ್ಟ ಇಳಿದಿರಬೇಕು, ಇಲ್ಲವೇ ಡಬ್ಬಿಯಿಂದ ಪಂಪಿಗೆ ಹೋಗುವ ಹೋಸಿನ ಕ್ಲಿಪ್ಪು ಸಡಿಲವಾಗಿರಬೇಕು. ಅದನ್ನು ಬಿಗಿದು, ಆಯಿಲ್ ತುಂಬಿಸಿ, ಗಾಳಿ ಹೊರಡಿಸಿದರೆ ಎಷ್ಟೋ ಪಂಪುಗಳು ಸುಮ್ಮನಾಗುತ್ತವೆ. ಆದರೆ ಆ ನೊರೆಯಲ್ಲೇ ತಿಂಗಳುಗಟ್ಟಲೆ ಓಡಿಸಿದರೆ ಪಂಪು ನಿಜವಾಗಿಯೇ ಹಾಳಾಗುತ್ತದೆ.

"ಆಯಿಲ್ ಕಮ್ಮಿಯಾದರೆ ಟಾಪ್ ಅಪ್ ಮಾಡಿದರಾಯಿತು"

ಇದು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮಟ್ಟ ಇಳಿದಿದೆಯೆಂದರೆ ಎಲ್ಲೋ ಸೋರುತ್ತಿದೆ. ಹೊರಗೆ ಹನಿ ಕಾಣದಿದ್ದರೆ ರ‍್ಯಾಕ್‌ನ ಎರಡು ತುದಿಗಳ ರಬ್ಬರ್ ಬೂಟುಗಳನ್ನು ಹಿಸುಕಿ ನೋಡಬೇಕು. ಒಳಗೆ ಆಯಿಲ್ ಕುಲುಕಿದರೆ ರ‍್ಯಾಕ್‌ನ ಸೀಲು ಹೋಗಿದೆ. ಪಕ್ಕದಲ್ಲಿದ್ದ ಬ್ರೇಕ್ ಆಯಿಲ್ಲನ್ನೇ ಸುರಿಯುವವರೂ ಇದ್ದಾರೆ. ಅದು ಸೀಲುಗಳನ್ನು ಉಬ್ಬಿಸಿ ಇಡೀ ವ್ಯವಸ್ಥೆಯನ್ನೇ ಕೆಡಿಸುತ್ತದೆ. ಯಾವ ಆಯಿಲ್ ಬೇಕೆಂದು ಮುಚ್ಚಳದ ಮೇಲೋ ಕಾರಿನ ಕೈಪಿಡಿಯಲ್ಲೋ ಇರುತ್ತದೆ, ಅದನ್ನೇ ಹಾಕಿ.

ಕಾರು ಎಡಕ್ಕೆ ಎಳೆಯುವುದು, 80-100ರ ವೇಗದಲ್ಲಿ ಸ್ಟಿಯರಿಂಗ್ ನಡುಗುವುದು, ಇವೆರಡನ್ನೂ ಪವರ್ ಸ್ಟಿಯರಿಂಗ್ ಲೆಕ್ಕಕ್ಕೆ ಬರೆಯುವ ರೂಢಿ ಇದೆ. ನಡುಕ ಸಾಮಾನ್ಯವಾಗಿ ವೀಲ್ ಬ್ಯಾಲೆನ್ಸಿಂಗ್ ವಿಷಯ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕ್ ನೋಡಿಸಿ. ಇನ್ನು ಎಳೆತ. ಮಳೆನೀರು ಹರಿದುಹೋಗಲೆಂದು ನಮ್ಮ ರಸ್ತೆಗಳನ್ನು ಅಂಚಿನ ಕಡೆಗೆ ಇಳಿಜಾರು ಮಾಡಿರುತ್ತಾರೆ, ನಾವು ಓಡಿಸುವುದು ಎಡಗಡೆ, ಹಾಗಾಗಿ ತುಸು ಎಡಕ್ಕೆ ವಾಲುವುದು ಸಹಜವೇ. ಸಮತಟ್ಟು ರಸ್ತೆಯಲ್ಲೂ ಎಳೆದರೆ ಗಾಳಿ, ಅಲೈನ್‌ಮೆಂಟ್, ಹಿಡಿದುಕೊಂಡ ಬ್ರೇಕು, ಈ ಕ್ರಮದಲ್ಲಿ ನೋಡಿ. ಮುಂದಿನ ಟೈರುಗಳನ್ನು ಎಡಬಲ ಅದಲುಬದಲು ಮಾಡಿದಾಗ ಎಳೆತವೂ ಪಕ್ಕ ಬದಲಿಸಿದರೆ ತಪ್ಪು ಟೈರಿನದು. ಒಂದೇ ದಿಕ್ಕಿಗೆ ತಿರುಗಬೇಕಾದ ಬಾಣದ ಗುರುತಿನ ಟೈರುಗಳಲ್ಲಿ ಮಾತ್ರ ಈ ಪರೀಕ್ಷೆ ಬೇಡ.

"ಲೈಟ್ ಬಂತು, ಮೋಟಾರು ಸುಟ್ಟಿತು"

ಎಲೆಕ್ಟ್ರಿಕ್ ಸ್ಟಿಯರಿಂಗಿನ ದೀಪ ಕೀಲಿ ತಿರುಗಿಸಿದಾಗ ಹತ್ತಿ, ಎಂಜಿನ್ ಸ್ಟಾರ್ಟ್ ಆದ ಮೇಲೆ ಆರುವುದು ಸರಿಯಾದ ಲಕ್ಷಣ. ಆರದಿದ್ದರೆ ಮೊದಲ ಅನುಮಾನ ಬ್ಯಾಟರಿಯ ಮೇಲಿರಲಿ. ನಿಂತಲ್ಲೇ ತಿರುಗಿಸುವಾಗ ಈ ಮೋಟಾರು ಹತ್ತಾರು ಆಂಪಿಯರ್ ಕರೆಂಟು ಎಳೆಯುತ್ತದೆ. ಹಳೇ ಬ್ಯಾಟರಿ, ಪಾಚಿಗಟ್ಟಿದ ಟರ್ಮಿನಲ್, ಸಡಿಲ ಅರ್ಥ್ ವೈರು ಇದ್ದರೆ ವೋಲ್ಟೇಜ್ ಕುಸಿದು ಕಂಪ್ಯೂಟರ್ ನೆರವನ್ನೇ ನಿಲ್ಲಿಸಿಬಿಡಬಹುದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ ಸುಮಾರು 13.5ರಿಂದ 14.5 ವೋಲ್ಟ್ ಇರಬೇಕು. ಮೀಟರು ಯಾವ ಎಲೆಕ್ಟ್ರಿಷಿಯನ್ ಬಳಿಯೂ ಇರುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ಮೋಟಾರು ಬಿಸಿಯಾದಾಗಲೂ ನೆರವು ತಾನಾಗಿ ತಗ್ಗುತ್ತದೆ, ತಣಿದ ಮೇಲೆ ಮರಳುತ್ತದೆ. ಇವೆಲ್ಲ ಸರಿಯಿದ್ದೂ ದೀಪ ಆರದಿದ್ದರೆ ಸ್ಕ್ಯಾನರ್ ಹಾಕಿಸಿ, ಬಂದ ಕೋಡನ್ನು ಬರೆಸಿಕೊಳ್ಳಿ. ಕೋಡ್ ನೋಡದೆ ಇಡೀ ಕಂಬ ಬದಲಿಸಬೇಕು ಎನ್ನುವವರಿಂದ ಕಾರು ವಾಪಸ್ ತರುವುದೇ ಕ್ಷೇಮ.

"ಪವರ್ ಹೋದರೆ ಕಾರು ತಿರುಗುವುದೇ ಇಲ್ಲ"

ತಿರುಗುತ್ತದೆ. ಈ ಎರಡೂ ಪದ್ಧತಿಗಳಲ್ಲಿ ಸ್ಟಿಯರಿಂಗಿನಿಂದ ಚಕ್ರದವರೆಗೆ ಕಬ್ಬಿಣದ ಸಂಪರ್ಕ ಹಾಗೇ ಇರುತ್ತದೆ. ಹೋಗುವುದು ನೆರವು ಮಾತ್ರ. ಓಡುವ ಕಾರಿನಲ್ಲಿ ಅದು ಅಷ್ಟಾಗಿ ತಿಳಿಯದು, ವೇಗ ಇಳಿದಂತೆ ಮತ್ತು ಹೇರ್‌ಪಿನ್ ತಿರುವಿನಲ್ಲಿ ಭಾರ ಗೊತ್ತಾಗುತ್ತದೆ. ಗಾಬರಿಯಾಗದೆ ಎರಡೂ ಕೈಯಲ್ಲಿ ಹಿಡಿದು ಬದಿಗೆ ನಿಲ್ಲಿಸಿ.

ಆದರೆ ಆ ಭಾರವನ್ನು ತಾವೇ ತಂದುಕೊಳ್ಳುವವರೂ ಇದ್ದಾರೆ. ಶಿರಾಡಿ, ಚಾರ್ಮಾಡಿ ಇಳಿಯುವಾಗ ಇಂಧನ ಉಳಿಸಲೆಂದು ನ್ಯೂಟ್ರಲ್ ಮಾಡಿ ಎಂಜಿನ್ ಆರಿಸುವ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಎಂಜಿನ್ ನಿಂತರೆ ಸ್ಟಿಯರಿಂಗಿನ ನೆರವು ಹೋಗುತ್ತದೆ, ಕೆಲವು ಸಲ ಒತ್ತಿದ ಮೇಲೆ ಬ್ರೇಕಿನ ನೆರವೂ ಮುಗಿಯುತ್ತದೆ. ಕೀಲಿ ಹೊರಗೆಳೆದರಂತೂ ಸ್ಟಿಯರಿಂಗ್ ಲಾಕ್ ಬೀಳಬಹುದು. ಉಳಿತಾಯವೂ ಭ್ರಮೆಯೇ: ಇಂದಿನ ಕಾರುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿಯುವಾಗ ಇಂಧನವನ್ನು ತಾವೇ ನಿಲ್ಲಿಸಿಕೊಳ್ಳುತ್ತವೆ. ಘಾಟಿಯಲ್ಲಿ ಎಂಜಿನ್ ಆರಿಸಬೇಡಿ, ಗೇರಿನಲ್ಲೇ ಇಳಿಯಿರಿ.