ಮೊದಲು ಯಾವ ಕಪಾಟು?

ಪ್ರಶ್ನೆ: ನಮ್ಮ ತಾಲ್ಲೂಕಿನ ರಾಜಕೀಯ ಚರಿತ್ರೆ ಬರೆಯುವ ಆಸೆ. ಗ್ರಂಥಾಲಯದಲ್ಲಿ ಏನನ್ನು ಕೇಳಲಿ?

ಉತ್ತರ: ರಾಜ್ಯಶಾಸ್ತ್ರದ ಪಠ್ಯಪುಸ್ತಕವನ್ನಂತೂ ಅಲ್ಲ. ಪರಾಮರ್ಶನ ವಿಭಾಗಕ್ಕೆ ಹೋಗಿ ಜಿಲ್ಲಾ ಗೆಜೆಟಿಯರ್ ಕೇಳಿ. 1956ಕ್ಕೆ ಮುಂಚಿನ ಕಾಲ ಬೇಕಿದ್ದರೆ ನಿಮ್ಮ ಊರು ಆಗ ಯಾರ ಆಡಳಿತದಲ್ಲಿತ್ತು ಎಂದು ತಿಳಿದಿರಬೇಕು. ಹಾಸನದವರಿಗೆ ರೈಸ್, ಹಯವದನರಾಯರ ಮೈಸೂರು ಗೆಜೆಟಿಯರ್‌ಗಳು. ಧಾರವಾಡದವರಿಗೆ ಮುಂಬಯಿ ಪ್ರೆಸಿಡೆನ್ಸಿಯದು. ಬಳ್ಳಾರಿಯವರು ಮದರಾಸಿನ ದಾಖಲೆಗಳನ್ನೇ ತಡಕಬೇಕು.

ಜನಗಣತಿ ವರದಿಗಳಲ್ಲಿ 1931ರದ್ದನ್ನು ಬಿಡಬೇಡಿ. ಜಾತಿವಾರು ಅಂಕಿಗಳನ್ನು ವಿವರವಾಗಿ ಪ್ರಕಟಿಸಿದ ಕೊನೆಯ ಗಣತಿ ಅದು. ಮೀಸಲಾತಿ ಚರ್ಚೆಯ ಬೇರು ಹುಡುಕುವವರಿಗೆ ಮೈಸೂರಿನ ಮಿಲ್ಲರ್ ಸಮಿತಿಯ 1919ರ ವರದಿ, ಹಾವನೂರು ಆಯೋಗದ 1975ರ ವರದಿ ಎರಡೂ ಬೇಕು. ಹಾವನೂರು ವರದಿಯ ಬಗ್ಗೆ ಮಾತಾಡುವವರು ಹೆಚ್ಚು, ಓದಿದವರು ಕಡಿಮೆ ಎಂಬುದು ನನ್ನ ಗುಮಾನಿ.

ಮತದ ಲೆಕ್ಕ ಚುನಾವಣಾ ಆಯೋಗದ ಅಂಕಿಅಂಶ ವರದಿಗಳಲ್ಲಿದೆ, 1951–52ರಿಂದಲೂ. ಇಲ್ಲೊಂದು ಬಲೆ ಉಂಟು. 2008ರಲ್ಲಿ ಕ್ಷೇತ್ರ ಪುನರ್ವಿಂಗಡಣೆಯಾದಾಗ ಎಷ್ಟೋ ಕ್ಷೇತ್ರಗಳ ಹೆಸರು ಉಳಿದು ಗಡಿ ಬದಲಾಯಿತು. 2004 ಮತ್ತು 2008ರ ಮತಗಳನ್ನು ಹಾಗೇ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಊರುಗಳನ್ನು ಹೋಲಿಸಿದಂತಾಗುತ್ತದೆ. ಪುನರ್ವಿಂಗಡಣೆಯ ಆದೇಶದಲ್ಲಿ ಯಾವ ಹೋಬಳಿ ಎಲ್ಲಿಗೆ ಸೇರಿತು ಎಂಬುದಿದೆ; ಅದನ್ನೂ ಕೇಳಿ ಪಡೆಯಿರಿ.

ಬೆಂಗಳೂರಿಗೆ ಬರುವುದಾದರೆ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಗ್ರಂಥಾಲಯವಿದೆ. ಹೊರಗಿನವರ ಪ್ರವೇಶದ ನಿಯಮ ವಿಚಾರಿಸಿಕೊಂಡೇ ಬಸ್ಸು ಹತ್ತಿ.