ಪುಟ್ಟ ಮಕ್ಕಳೊಂದಿಗೆ ಯುರೋಪಿನಲ್ಲಿ ಕಾರು ಪ್ರವಾಸ: ಹೊರಡುವ ಮುನ್ನ ಆರು ವಿಚಾರಗಳು

ಗಲ್ಫ್‌ನಲ್ಲಿ ದುಡಿಯುವ ನಮ್ಮ ಕೆಲವು ಕುಟುಂಬಗಳು ಜುಲೈ, ಆಗಸ್ಟ್ ತಿಂಗಳ ಶಾಲಾ ರಜೆಯಲ್ಲಿ ಯುರೋಪಿಗೆ ಹೋಗಿ, ಬಾಡಿಗೆ ಕಾರು ಪಡೆದು ದೇಶದಿಂದ ದೇಶಕ್ಕೆ ಸುತ್ತುವುದುಂಟು. ಷೆಂಗೆನ್ ವೀಸಾ ಒಂದಿದ್ದರೆ ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿ, ಫ್ರಾನ್ಸ್ ಎಲ್ಲವನ್ನೂ ನೋಡಬಹುದು. ಹಿರಿಯರು ನಕ್ಷೆ ಮುಂದಿಟ್ಟುಕೊಂಡು ಎಷ್ಟು ಊರು ನೋಡಬಹುದೆಂದು ಲೆಕ್ಕ ಹಾಕುತ್ತಾರೆ. ಆದರೆ ಜೊತೆಯಲ್ಲಿ ಎರಡು, ನಾಲ್ಕು ವರ್ಷದ ಮಕ್ಕಳಿದ್ದರೆ ಲೆಕ್ಕ ಆರಂಭವಾಗಬೇಕಾದುದು ಮಗುವಿನ ದಿನಚರಿಯಿಂದ.

ಆರೋಗ್ಯವನ್ನು ಕಾಯುವ ಆರು ಅನಿವಾರ್ಯ ಅಂಶಗಳಿಗೆ ಯುನಾನಿ ವೈದ್ಯಪದ್ಧತಿಯಲ್ಲಿ 'ಅಸ್ಬಾಬೆ ಸಿತ್ತಾ ಝರೂರಿಯ್ಯ' ಎನ್ನುತ್ತಾರೆ: ಗಾಳಿ, ಆಹಾರ ಮತ್ತು ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಮತ್ತು ತಡೆ. ಪ್ರಯಾಣದಲ್ಲಿ ಈ ಆರೂ ಒಟ್ಟಿಗೇ ಬದಲಾಗುತ್ತವೆ. ಆದ್ದರಿಂದ ಒಂದೊಂದನ್ನೇ ನೋಡೋಣ.

ಗಾಳಿ

ಯುರೋಪ್ ಎಂದರೆ ತಂಪು ಎಂಬ ಭಾವನೆ ನಮ್ಮಲ್ಲಿದೆ. ಬೇಸಿಗೆಯಲ್ಲಿ ಅದು ಪೂರ್ತಿ ನಿಜವಲ್ಲ. 2003ರ ಆಗಸ್ಟ್‌ನ ಬಿಸಿಗಾಳಿಗೆ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನರು ಪ್ರಾಣ ಕಳೆದುಕೊಂಡರು. 2019ರ ಜೂನ್‌ನಲ್ಲಿ ದಕ್ಷಿಣ ಫ್ರಾನ್ಸ್‌ನಲ್ಲಿ 46 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅಲ್ಲಿನ ಎಷ್ಟೋ ಮನೆ, ಹೋಟೆಲ್‌ಗಳಲ್ಲಿ ಎಸಿ ಇರುವುದಿಲ್ಲ. ಕೋಣೆ ಕಾದಿರಿಸುವಾಗಲೇ ಇದನ್ನು ಕೇಳಿ ತಿಳಿಯಿರಿ.

ಎಲ್ಲಕ್ಕಿಂತ ದೊಡ್ಡ ಅಪಾಯ ನಿಲ್ಲಿಸಿದ ಕಾರು. ಹೊರಗೆ ಹಿತವಾದ 22 ಡಿಗ್ರಿ ಇದ್ದರೂ ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಒಂದು ಗಂಟೆಯೊಳಗೆ 40 ಡಿಗ್ರಿ ದಾಟಬಹುದು. ಆ ಏರಿಕೆಯ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗುತ್ತದೆ. ಗಾಜನ್ನು ಸ್ವಲ್ಪ ಇಳಿಸಿಟ್ಟರೆ ಪ್ರಯೋಜನವಿಲ್ಲ. ಮಗುವಿನ ದೇಹ ದೊಡ್ಡವರ ದೇಹಕ್ಕಿಂತ ಬಹಳ ಬೇಗ ಬಿಸಿಯಾಗುತ್ತದೆ. ಮಲಗಿದ ಮಗುವನ್ನು ಎಬ್ಬಿಸುವುದು ಬೇಡವೆಂದು 'ಎರಡು ನಿಮಿಷ' ಬಿಟ್ಟು ಹೋಗುವುದೂ, ದಣಿದ ತಂದೆ ಹಿಂದಿನ ಸೀಟಿನಲ್ಲಿರುವ ಮಗುವನ್ನು ಮರೆತು ಇಳಿಯುವುದೂ ನಡೆಯದ ಸಂಗತಿಗಳಲ್ಲ. ಇಟಲಿಯು 2019ರಿಂದ ನಾಲ್ಕು ವರ್ಷದೊಳಗಿನ ಮಕ್ಕಳ ಸೀಟಿಗೆ ಎಚ್ಚರಿಕೆ ನೀಡುವ ಸಾಧನವನ್ನು ಕಡ್ಡಾಯ ಮಾಡಿದ್ದು ಇಂತಹ ಸಾವುಗಳ ಬಳಿಕವೇ. ನಿಮ್ಮ ಫೋನ್ ಅಥವಾ ಕೈಚೀಲವನ್ನು ಮಗುವಿನ ಪಕ್ಕದಲ್ಲೇ ಇಡುವ ರೂಢಿ ಮಾಡಿಕೊಳ್ಳಿ. ಅದನ್ನು ತೆಗೆಯಲು ಹಿಂದಿನ ಬಾಗಿಲು ತೆರೆಯಲೇಬೇಕಾಗುತ್ತದೆ.

ಆಹಾರ ಮತ್ತು ನೀರು

ಎಸಿ ಕಾರಿನಲ್ಲಿ ಮಗು ಬಾಯಾರಿಕೆ ಹೇಳುವುದಿಲ್ಲ. ಕೇಳುವ ಮೊದಲೇ ಗುಟುಕು ಗುಟುಕಾಗಿ ನೀರು ಕೊಡುತ್ತಿರಿ. ಆರೆಂಟು ಗಂಟೆ ಮೂತ್ರ ಮಾಡದಿರುವುದು, ಒಣಗಿದ ನಾಲಿಗೆ, ಕಣ್ಣೀರಿಲ್ಲದ ಅಳು, ತೂಕಡಿಕೆ, ಇವು ದೇಹದಲ್ಲಿ ನೀರು ಕಡಿಮೆಯಾದ ಲಕ್ಷಣಗಳು. ಓಆರ್‌ಎಸ್ ಪೊಟ್ಟಣಗಳನ್ನು ಒಯ್ಯಿರಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ.

ಗಲ್ಫ್‌ನಿಂದಾಗಲಿ ಊರಿನಿಂದಾಗಲಿ ಹೋಗುವವರು ಮಾಂಸ, ಮಾಂಸದ ಉಪ್ಪಿನಕಾಯಿ, ತುಪ್ಪ, ಹಾಲಿನ ಸಿಹಿತಿಂಡಿಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಶಿಶುಗಳ ಹಾಲಿನ ಪುಡಿಗೆ 2 ಕಿಲೋವರೆಗೆ ಅವಕಾಶವಿದೆ. ಅಕ್ಕಿ, ಬೇಳೆ, ರಾಗಿ ಹುಡಿ ಜೊತೆಗಿದ್ದು, ಅಡುಗೆಮನೆಯಿರುವ ವಸತಿ ಸಿಕ್ಕಿದರೆ ಹಲಾಲ್ ಊಟದ ಚಿಂತೆಯೂ ಮಗುವಿನ ಹೊಟ್ಟೆಯ ಚಿಂತೆಯೂ ಒಟ್ಟಿಗೇ ಕಡಿಮೆಯಾಗುತ್ತವೆ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನು ಎಲ್ಲಿಯೂ, ಯಾವ ಕಾರಣಕ್ಕೂ ಕೊಡಬೇಡಿ.

ದೇಹದ ಚಲನೆ

ಎರಡು ಗಂಟೆಗೊಮ್ಮೆ ನಿಲ್ಲಿಸಬೇಕೆಂಬುದು ಫ್ರಾನ್ಸ್‌ನಲ್ಲಿ ಚಾಲಕರಿಗೆ ನೀಡುವ ಸಲಹೆ. ಮಕ್ಕಳಿದ್ದಾಗ ಇದು ಕನಿಷ್ಠ ನಿಯಮ. ಫ್ರಾಂಕ್‌ಫರ್ಟ್‌ನಿಂದ ಮಿಲಾನ್‌ಗೆ ಒಂದೇ ದಿನ ಓಡಿಸುವ ಬದಲು ಹೀಗೆ ಮಾಡಬಹುದು: ಮೊದಲು ಸುಮಾರು 270 ಕಿ.ಮೀ. ದೂರದ ಫ್ರೈಬುರ್ಗ್, ಅಲ್ಲಿಂದ ಸುಮಾರು 170 ಕಿ.ಮೀ. ದೂರದ ಲುಸೆರ್ನ್, ಬಳಿಕ ಸುಮಾರು 240 ಕಿ.ಮೀ. ದೂರದ ಮಿಲಾನ್. ಪ್ರತಿ ಊರಿನಲ್ಲೂ ಕನಿಷ್ಠ ಎರಡು ರಾತ್ರಿ ತಂಗಿರಿ.

ಲುಸೆರ್ನ್ ದಾಟಿದ ಮೇಲೆ ಸಿಗುವ ಸುಮಾರು 17 ಕಿ.ಮೀ. ಉದ್ದದ ಗೊಟ್ಟಾರ್ಡ್ ಸುರಂಗದ ಮುಂದೆ ಬೇಸಿಗೆಯ ವಾರಾಂತ್ಯಗಳಲ್ಲಿ ಕಾರುಗಳ ದೊಡ್ಡ ಸಾಲು ನಿಲ್ಲುತ್ತದೆ. ಫ್ರಾನ್ಸ್‌ನಲ್ಲಿ ಆಗಸ್ಟ್ ಆರಂಭದ ಶನಿವಾರಗಳಂದು ಹೆದ್ದಾರಿಗಳು ತುಂಬಿಹೋಗುತ್ತವೆ. ಅಲ್ಲಿನ ಸರಕಾರಿ ಸಂಚಾರ ಸೇವೆ 'ಬಿಝೋನ್ ಫ್ಯುತೆ' ಅತ್ಯಂತ ಕಷ್ಟದ ದಿನಗಳನ್ನು ಕಪ್ಪು ಬಣ್ಣದಲ್ಲಿ ತೋರಿಸುತ್ತದೆ. ಊರಿಂದೂರಿಗೆ ಹೋಗುವುದನ್ನು ವಾರದ ನಡುವೆ ಇಟ್ಟುಕೊಳ್ಳಿ.

ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗುವ ನಮ್ಮ ಅಭ್ಯಾಸ ಅಲ್ಲಿ ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ. ಜರ್ಮನಿಯಲ್ಲಿ 12 ವರ್ಷ ತುಂಬದ, 150 ಸೆಂ.ಮೀ.ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. ಕಾರು ಕಾದಿರಿಸುವಾಗಲೇ ಮಗುವಿನ ವಯಸ್ಸು, ತೂಕ, ಎತ್ತರ ತಿಳಿಸಿ. ಹಿಮ್ಮುಖ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಆಸನದಲ್ಲಿ ಎಂದಿಗೂ ಇಡಬಾರದು.

ಆಲ್ಪ್ಸ್‌ನ ತಿರುವುಗಳಲ್ಲಿ ಎರಡು ವರ್ಷ ದಾಟಿದ ಮಕ್ಕಳಿಗೆ ವಾಂತಿ ಸಾಮಾನ್ಯ. ಹೊರಡುವ ಮುಂಚೆ ಹೊಟ್ಟೆ ಖಾಲಿಯೂ ಇರಬಾರದು, ತುಂಬಿಯೂ ಇರಬಾರದು. ಮೊಬೈಲ್, ಪುಸ್ತಕ ಬದಿಗಿಟ್ಟು ದೂರದ ಬೆಟ್ಟ ನೋಡುವಂತೆ ಹೇಳಿ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಕೆಲವರಿಗೆ ಪುದೀನ ಅಥವಾ ಶುಂಠಿಯ ತಿಳಿ ಕಷಾಯ ಹಿತವೆನಿಸುತ್ತದೆ. ಆದರೆ ಯುನಾನಿಯಾಗಲಿ, ಇಂಗ್ಲಿಷ್ ಮದ್ದಾಗಲಿ, ಮನೆಯಲ್ಲಿ ಕೊಟ್ಟು ನೋಡದ ಔಷಧವನ್ನು ದಾರಿಯಲ್ಲಿ ಮೊದಲ ಬಾರಿ ಕೊಡಬೇಡಿ.

ನಿದ್ರೆ

ಜೂನ್ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ 10ರ ಸುಮಾರಿಗೆ, ಹುಟ್ಟುವುದು ಬೆಳಗ್ಗೆ 6ಕ್ಕೆ ಮುಂಚೆ. ಬೆಳಕಿರುವಷ್ಟು ಹೊತ್ತು ಮಕ್ಕಳು ಮಲಗಲು ಒಪ್ಪುವುದಿಲ್ಲ. ಕಿಟಕಿಗೆ ದಪ್ಪ ಪರದೆ ಇದೆಯೇ ನೋಡಿ, ಗಡಿಯಾರ ನೋಡಿಯೇ ಮಲಗಿಸಿ. ಹಿರಿಯರಿಗೂ ಇಶಾ ತೀರಾ ತಡವಾಗಿ, ಫಜ್ರ್ ತೀರಾ ಬೇಗನೆ ಬರುವುದರಿಂದ ರಾತ್ರಿ ನಿದ್ರೆ ತುಂಡಾಗುತ್ತದೆ. ಪ್ರಯಾಣಿಕರಿಗಿರುವ ನಮಾಝಿನ ರಿಯಾಯಿತಿಗಳನ್ನು ಹೊರಡುವ ಮೊದಲೇ ಉಲಮಾಗಳಲ್ಲಿ ಕೇಳಿ ತಿಳಿದುಕೊಳ್ಳಿ. ಫಜ್ರ್ ಬಳಿಕ ಮತ್ತೆ ಮಲಗಿ, ಸ್ಟಿಯರಿಂಗ್ ಹಿಡಿಯುವುದನ್ನು ತಡಮಾಡಿ. ನಿದ್ದೆಗಣ್ಣಿನ ಚಾಲಕನ ಕಾರಿನಲ್ಲಿ ಯಾವ ಸೀಟೂ ಮಗುವನ್ನು ಪೂರ್ತಿ ಕಾಯಲಾರದು.

ವಿಸರ್ಜನೆ

ಪರಿಚಯವಿಲ್ಲದ ಶೌಚಾಲಯ ಕಂಡು ಮಕ್ಕಳು ತಡೆಹಿಡಿಯುತ್ತಾರೆ. ಅದರಿಂದ ಮಲಬದ್ಧತೆ, ಹೊಟ್ಟೆನೋವು, ಊಟ ಬೇಡವೆನ್ನುವುದು ಎಲ್ಲ ಶುರುವಾಗುತ್ತದೆ. ಬೆಳಗಿನ ತಿಂಡಿಯ ನಂತರ ಅವಸರವಿಲ್ಲದೆ ಹತ್ತು ನಿಮಿಷ ಕೂರಿಸಿ. ಇಟಲಿಯ ಮನೆ, ಹೋಟೆಲ್‌ಗಳಲ್ಲಿ ತೊಳೆದುಕೊಳ್ಳಲು 'ಬಿಡೆ' ಎಂಬ ತೊಟ್ಟಿ ಇರುವುದು ಸಾಮಾನ್ಯ. ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಹೆಚ್ಚಾಗಿ ಕಾಗದವೊಂದೇ. ಒತ್ತಿದರೆ ನೀರು ಚಿಮ್ಮುವ ಬಾಟಲಿಯೊಂದು ಕೈಚೀಲದಲ್ಲಿರಲಿ. ಜರ್ಮನಿಯ ಹೆದ್ದಾರಿ ಶೌಚಾಲಯಗಳಲ್ಲಿ ಹಲವೆಡೆ ಶುಲ್ಕವಿದೆ. ಚಿಲ್ಲರೆ ಇಟ್ಟುಕೊಳ್ಳಿ.

ಮನಸ್ಸು

ದಿನಕ್ಕೆ ಮೂರು ಚರ್ಚು, ಎರಡು ಮ್ಯೂಸಿಯಂ ಮಗುವಿಗೆ ಬೇಕಿಲ್ಲ. ಕೆರೆಯ ದಡದಲ್ಲಿ ಕಲ್ಲೆಸೆಯಲು ಒಂದು ಗಂಟೆ ಸಿಕ್ಕಿದರೆ ಸಾಕು. ಕಾಡು, ಹುಲ್ಲುಗಾವಲಿನಲ್ಲಿ ಆಡಿ ಬಂದ ಮೇಲೆ ಮಂಡಿಯ ಹಿಂಭಾಗ, ಕಂಕುಳು, ಕಿವಿಯ ಹಿಂದೆ ಉಣ್ಣಿ ಕಚ್ಚಿದೆಯೇ ನೋಡಿ. ಅಲ್ಲಿನ ಉಣ್ಣಿಗಳು ರೋಗ ಹರಡುತ್ತವೆ. ಎಣ್ಣೆ ಹಚ್ಚದೆ, ಸುಡದೆ, ಚಿಮಟಿಗೆಯಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಮುಂದಿನ ವಾರಗಳಲ್ಲಿ ಆ ಜಾಗದಲ್ಲಿ ಕೆಂಪು ವೃತ್ತ ಹರಡಿದರೆ ಅಥವಾ ಜ್ವರ ಬಂದರೆ ವೈದ್ಯರಿಗೆ ತೋರಿಸಿ.

ತುರ್ತು ಇದ್ದಾಗ

ಈ ಎಲ್ಲ ದೇಶಗಳಲ್ಲೂ 112 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಔಷಧದ ಅಂಗಡಿಗೆ ಫ್ರಾನ್ಸ್, ಇಟಲಿಯಲ್ಲಿ ಹಸಿರು ಶಿಲುಬೆಯ ಗುರುತು, ಜರ್ಮನಿಯಲ್ಲಿ ಕೆಂಪು 'ಎ' ಅಕ್ಷರ. ವೀಸಾಕ್ಕೆ ಬೇಕಾಗುವ ಕನಿಷ್ಠ 30,000 ಯೂರೋ ವಿಮೆಯ ಕಾಗದ ಎಲ್ಲರ ಕೈಗೆ ಸಿಗುವಂತಿರಲಿ. ಬಿಸಿಲಿನ ಬಳಿಕ ಮಗುವಿನ ಮೈ ಸುಡುತ್ತಾ, ಮಾತು ತಡವರಿಸಿದರೆ ಅಥವಾ ಮಗು ಎಚ್ಚರ ತಪ್ಪಿದರೆ, ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕುತ್ತಲೇ 112ಕ್ಕೆ ಕರೆ ಮಾಡಿ.

ಯೋಜನೆ ಸಿದ್ಧವಾದ ಮೇಲೆ ಅದರಿಂದ ಒಂದು ಊರನ್ನು ಕೈಬಿಡಿ. ಮಗುವಿಗೆ ಜ್ವರ ಬಂದ ದಿನ, ಬಿಸಿಲು ಏರಿದ ದಿನ, ನಿಮಗೇ ನಿದ್ರೆ ಸಾಲದ ದಿನ ನಿಂತಲ್ಲೇ ನಿಲ್ಲಲು ಆ ಬಿಡುವು ಬೇಕಾಗುತ್ತದೆ.