ಕಟ್ಟೆಯ ಕಥೆ ಕಟ್ಟಿದವರ ಬಾಯಲ್ಲಿ

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ನಿಂತಿರುವ ಬ್ಯಾರೇಜನ್ನು ಕಂಡ ಪರಸ್ಥಳದವರು, ಇದನ್ನು ಯಾವ ಸರಕಾರ ಕಟ್ಟಿಸಿತೆಂದು ಕೇಳುವುದು ಸಹಜ. ಕಟ್ಟಿದವರು ರೈತರು. ಮಳೆಗಾಲದಲ್ಲಿ ದಡ ಮೀರಿ ಹರಿದ ಹೊಳೆ ಬೇಸಗೆಯಲ್ಲಿ ಬತ್ತುವುದನ್ನು ಕಂಡುಂಡ ಅವರು, ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ತಮ್ಮ ಹಣವನ್ನೂ ಮೈಬೆವರನ್ನೂ ಸುರಿದು 1989ರಲ್ಲಿ ಈ ಕಟ್ಟೆಯನ್ನು ನಿಲ್ಲಿಸಿದರು. ‘ಶ್ರಮಬಿಂದು ಸಾಗರ’ವೆಂಬ ಹೆಸರು ಇದಕ್ಕೆ ಅನ್ವರ್ಥವಾಗಿದೆ.

ವಂತಿಗೆಯ ಲೆಕ್ಕವನ್ನು ಕಡತ ಹೇಳೀತು. ಆದರೆ ಆ ವಂತಿಗೆಗಾಗಿ ಯಾರ ಮನೆಯ ಎತ್ತು ಸಂತೆಗೆ ಹೋಯಿತು, ‘ಇದು ಆಗದ ಮಾತು’ ಎಂದು ದೂರ ನಿಂತವರಾರು, ಬುತ್ತಿ ಕಟ್ಟಿದ ತಾಯಂದಿರ ಮನಸ್ಸಿನಲ್ಲಿ ಏನಿತ್ತು? ಇವಕ್ಕೆ ಉತ್ತರ ಹಿರಿಯರ ಬಾಯಲ್ಲಿ ಮಾತ್ರ ದೊರೆತೀತು.

ನಮ್ಮ ಸೀಮೆಗೆ ಇದು ಹೊಸ ದಾರಿಯಲ್ಲ. 1857ರಲ್ಲಿ ಆಯುಧ ಒಪ್ಪಿಸಲೊಲ್ಲದೆ ಆಂಗ್ಲರನ್ನು ಎದುರಿಸಿದ ಹಲಗಲಿಯ ಬೇಡರನ್ನು ಜನಮನದಲ್ಲಿ ಉಳಿಸಿದವರು ಲಾವಣಿಕಾರರು. ಹಲಸಂಗಿಯ ಗೆಳೆಯರು ಯಾರ ಅಪ್ಪಣೆಗೂ ಕಾಯದೆ ಹಳ್ಳಿಯ ಹೆಣ್ಣುಮಕ್ಕಳಿಂದ ಹಾಡು ಕೇಳಿ ಬರೆದುಕೊಂಡುದರಿಂದಲೇ 1931ರಲ್ಲಿ ‘ಗರತಿಯ ಹಾಡು’ ಕನ್ನಡಿಗರ ಕೈಸೇರಿತು.

ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಈ ಕೆಲಸವನ್ನೇಕೆ ಕೈಗೊಳ್ಳಬಾರದು? ಇದಕ್ಕೆ ಬೇಕಾದುದು ಒಂದು ವಹಿ, ಕಿಸೆಯಲ್ಲಿರುವ ಮೊಬೈಲು, ಎಲ್ಲಕ್ಕಿಂತ ಮಿಗಿಲಾಗಿ ತಾಳ್ಮೆ. ಮೊದಲು ಹೇಳುವವರ ಒಪ್ಪಿಗೆ ಪಡೆಯಬೇಕು. ಹೆಸರು, ವಯಸ್ಸು, ದಿನಾಂಕಗಳನ್ನು ಗುರುತಿಸಿಕೊಳ್ಳಬೇಕು. ಅಜ್ಜ ಇಸವಿ ಹೇಳಲಾರ; ‘ನಮ್ಮ ಹಿರೇಮಗಳ ಲಗ್ನದ ವರ್ಷ’ ಎಂದಾನು. ಅದನ್ನು ಇಸವಿಗೆ ಹೊಂದಿಸಿ ನೋಡುವುದು ಕೇಳುವವನ ಹೊಣೆ. ಅವನ ಆಡುಮಾತನ್ನು ಗ್ರಂಥಭಾಷೆಗೆ ತಿದ್ದಬಾರದು. ಒಂದೇ ಸಂಗತಿಯನ್ನು ಇಬ್ಬರು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಬರೆದಿಡಬೇಕು. ಆ ಭೇದವೂ ಚರಿತ್ರೆಯೇ. ಮುಂದಾಳುಗಳಷ್ಟೇ ಅಲ್ಲ, ಕಲ್ಲು ಹೊತ್ತವರನ್ನೂ, ಒಲ್ಲೆನೆಂದವರನ್ನೂ, ಒಲೆಯ ಮುಂದಿದ್ದವರನ್ನೂ ಕೇಳಬೇಕು. ಕೊನೆಗೆ, ಬರೆದುದನ್ನು ಹೇಳಿದವರಿಗೇ ಓದಿ ತೋರಿಸಬೇಕು.

ಈ ಕಾರ್ಯಕ್ಕೆ ಕಾಲ ಕಾಯದು. ನ್ಯಾಮಗೌಡರು 2018ರಲ್ಲಿ ತೀರಿಕೊಂಡರು. ಅಂದು ಮೂವತ್ತರ ಪ್ರಾಯದಲ್ಲಿದ್ದ ಆಳು ಇಂದು ಅರುವತ್ತು ದಾಟಿದ ಮುದುಕ. ಕಟ್ಟೆಯ ಕಲ್ಲು ಇನ್ನೂ ಬಹುಕಾಲ ನಿಂತೀತು. ಅದನ್ನು ಇಟ್ಟ ಕೈಗಳ ಮಾತು ನಿಲ್ಲದು. ಹರಿದುಹೋಗುವ ನೀರನ್ನು ತಂದೆಯರು ಶ್ರಮದಾನದಿಂದ ತಡೆದು ನಿಲ್ಲಿಸಿದರು. ಹರಿದುಹೋಗುತ್ತಿರುವ ಈ ಮಾತನ್ನು ಹಿಡಿದು ನಿಲ್ಲಿಸುವ ಶ್ರಮದಾನ ಮಕ್ಕಳ ಪಾಲಿಗೆ ಉಳಿದಿದೆ.